ದೀಪ ದೊಡ್ಡದಾದರೆ ಬೆಳಕು ದೂರ ಹೋಗುತ್ತದೆಯೇ?

ಮುಂಬಯಿಯಲ್ಲಿ ಕನ್ನಡ ಸಭಿಕರ ಮುಂದೆ ಲೈಟ್‌ಹೌಸ್ ದೀಪಗಳ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ

ಮೊದಲು ಒಂದು ಲೆಕ್ಕ ನೋಡೋಣ. ಸಾಧಾರಣ ಸ್ವಚ್ಛವಾದ ರಾತ್ರಿಯಲ್ಲಿ 10 ನಾಟಿಕಲ್ ಮೈಲಿ (ಸಮುದ್ರದ ಮೈಲಿ, ಸುಮಾರು 1.85 ಕಿಲೋಮೀಟರ್; ಮುಂದೆ ಮೈಲಿ ಎಂದರೆ ಇದೇ) ದೂರದ ಹಡಗಿಗೆ ಕಾಣಬೇಕಾದರೆ ದೀಪದ ತೀವ್ರತೆ ಸುಮಾರು 1,400 ಕ್ಯಾಂಡೆಲಾ ಇರಬೇಕು. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ. ಅದೇ ದೀಪ 20 ಮೈಲಿಗೆ ಕಾಣಬೇಕೆಂದರೆ ಎಷ್ಟು ಬೇಕು? ಎರಡು ಪಟ್ಟು ಸಾಲದು, ನಾಲ್ಕು ಪಟ್ಟೂ ಸಾಲದು. 1 ಲಕ್ಷ 10 ಸಾವಿರ ಕ್ಯಾಂಡೆಲಾ ಬೇಕು, ಅಂದರೆ ಹತ್ತಿರ ಹತ್ತಿರ 80 ಪಟ್ಟು. ಇದರಲ್ಲಿ ನಾಲ್ಕು ಪಟ್ಟು ದೂರ ಇಮ್ಮಡಿಯಾದದ್ದಕ್ಕೆ. ಉಳಿದ 20 ಪಟ್ಟು, ನಡುವಿನ ಗಾಳಿಯಲ್ಲಿರುವ ತೇವ ಮತ್ತು ಮಬ್ಬು ನುಂಗುವ ಬೆಳಕಿಗೆ. ನಾನು ಹೇಳಿದ ಸ್ವಚ್ಛ ರಾತ್ರಿಯಲ್ಲೂ ಗಾಳಿ ಪ್ರತಿ ಮೈಲಿಗೆ ಕಾಲು ಭಾಗದಷ್ಟು ಬೆಳಕನ್ನು ಕಡಿಯುತ್ತದೆ.

20 ಮೈಲಿಯ ಆಚೆಗೆ ದೀಪಕ್ಕೆ ಶಕ್ತಿ ತುಂಬಿ ಹೆಚ್ಚು ಪ್ರಯೋಜನವೂ ಇಲ್ಲ, ಭೂಮಿಯ ಬಾಗು ಅಡ್ಡ ಬರುತ್ತದೆ. ದೀಪ ಸಮುದ್ರ ಮಟ್ಟದಿಂದ 40 ಮೀಟರ್ ಎತ್ತರದಲ್ಲಿದ್ದು, ನೋಡುವವನ ಕಣ್ಣು ಹಡಗಿನಲ್ಲಿ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 19 ಮೈಲಿಯವರೆಗೆ ನೇರವಾಗಿ ಕಾಣುತ್ತದೆ. ಹಾಗಾಗಿ ದೊಡ್ಡ ಲೈಟ್‌ಹೌಸ್‌ಗಳ ಗುರಿ ಹೆಚ್ಚು ಕಡಿಮೆ ಅಷ್ಟೇ. ಆ ಒಂದು ಲಕ್ಷ ಕ್ಯಾಂಡೆಲಾವನ್ನು ಎಲ್ಲಿಂದ ತರುವುದು ಎನ್ನುವುದೇ ಇನ್ನೂರೈವತ್ತು ವರ್ಷಗಳ ಸಮಸ್ಯೆ.

ಮೊದಲಿಗೆ ಬೆಂಕಿ. ಗೋಪುರದ ತಲೆಯ ಮೇಲೆ ಕಬ್ಬಿಣದ ಬುಟ್ಟಿ, ಅದರಲ್ಲಿ ಕಟ್ಟಿಗೆ ಅಥವಾ ಕಲ್ಲಿದ್ದಲು. ಸ್ಕಾಟ್ಲೆಂಡಿನ ಐಲ್ ಆಫ್ ಮೇ ದ್ವೀಪದ ದೀಪಕ್ಕೆ ವರ್ಷಕ್ಕೆ ಸುಮಾರು 400 ಟನ್ ಕಲ್ಲಿದ್ದಲು ಬೇಕಾಗುತ್ತಿತ್ತು. ಅಷ್ಟು ಸುಟ್ಟರೂ ತೊಂದರೆ ಏನೆಂದರೆ, ಬಿರುಗಾಳಿ ಸಮುದ್ರದ ಕಡೆಯಿಂದ ಬೀಸುವಾಗ ಜ್ವಾಲೆ ನೆಲದ ಕಡೆಗೆ ಬಾಗುತ್ತದೆ. ಬೆಳಕು ಬೇಕಾದವರು ಸಮುದ್ರದಲ್ಲಿ, ಜ್ವಾಲೆ ಚೆನ್ನಾಗಿ ಕಾಣುವುದು ಊರಿನವರಿಗೆ. ಗಾಜಿನ ಮನೆಯೊಳಗೆ ಮುಚ್ಚಿಟ್ಟರೆ ಒಂದೆರಡು ಗಂಟೆಯಲ್ಲಿ ಗಾಜಿಗೆಲ್ಲ ಮಸಿ. ಮೇಣದಬತ್ತಿಗೆ ಹೊಗೆ ಕಡಿಮೆ, ಆದರೆ ಶಕ್ತಿಯೂ ಕಡಿಮೆ. ಇಂಗ್ಲೆಂಡಿನಲ್ಲಿ ಜಾನ್ ಸ್ಮೀಟನ್ ಕಟ್ಟಿದ ಎಡ್ಡಿಸ್ಟೋನ್ ಗೋಪುರ ಕಟ್ಟಡದ ವಿಷಯದಲ್ಲಿ ಇಂದಿಗೂ ಎಂಜಿನಿಯರರು ಕೊಂಡಾಡುವಂಥದ್ದು. ಅದರ ತಲೆಯಲ್ಲಿ 1759ರಲ್ಲಿ ಹಚ್ಚಿದ್ದು 24 ಮೇಣದಬತ್ತಿ! ನಮ್ಮಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಕಟ್ಟಡವೊಂದರ ಮೇಲೆ 1796ರಲ್ಲಿ ಶುರುವಾದ ದೀಪ ಉರಿದದ್ದು ತೆಂಗಿನೆಣ್ಣೆಯಲ್ಲಿ.

1780ರ ದಶಕದಲ್ಲಿ ಜಿನೀವಾದ ಎಮೆ ಆರ್ಗಾಂಡ್ ಬತ್ತಿಯ ರೂಪವನ್ನೇ ಬದಲಿಸಿದ. ಬತ್ತಿಯನ್ನು ಕೊಳವೆಯಾಗಿ ಸುತ್ತಿ, ಒಳಗಿನಿಂದಲೂ ಹೊರಗಿನಿಂದಲೂ ಗಾಳಿ ಹೋಗುವಂತೆ ಮಾಡಿ, ಮೇಲೆ ಗಾಜಿನ ಚಿಮಣಿ ಇಟ್ಟ. ಚಿಮಣಿ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ, ಇಂಗಾಲ ಪೂರ್ತಿ ಉರಿಯುತ್ತದೆ, ಹೊಗೆ ಇಲ್ಲ, ಜ್ವಾಲೆ ಅಲುಗುವುದಿಲ್ಲ. ಹೊಗೆ ಇಲ್ಲದ್ದರಿಂದಲೇ ದೀಪದ ಹಿಂದೆ ಹೊಳಪಿನ ತಟ್ಟೆ ಇಡುವುದು ಸಾಧ್ಯವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಟ್ಟೆಯನ್ನು ಪ್ಯಾರಾಬೊಲಾ ಆಕಾರಕ್ಕೆ ಬಡಿದು, ಅದರ ನಾಭಿಯಲ್ಲಿ, ಅಂದರೆ ಸಮಾಂತರ ಕಿರಣಗಳು ತಟ್ಟೆಗೆ ಬಡಿದು ಒಂದುಗೂಡುವ ಬಿಂದುವಿನಲ್ಲಿ, ದೀಪ ಇಡುವುದು. ಇಂಥ 20–30 ದೀಪಗಳನ್ನು ಚೌಕಟ್ಟಿಗೆ ಸಾಲಾಗಿ ಕಟ್ಟುತ್ತಿದ್ದರು. ರಾತ್ರಿಯಿಡೀ ಒಂದೊಂದರ ಬತ್ತಿಯನ್ನೂ ಕತ್ತರಿಸುತ್ತಾ, ಎಣ್ಣೆ ತುಂಬುತ್ತಾ ಕೂರಬೇಕು. ಉಜ್ಜಿ ಉಜ್ಜಿ ಬೆಳ್ಳಿ ಸವೆಯುತ್ತದೆ, ಗಟ್ಟಿಯಾಗಿ ಉಜ್ಜಿದರೆ ತಟ್ಟೆಯ ಆಕಾರವೇ ಕೆಡುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಮುಂದೆ ಹೇಳುವುದೆಲ್ಲ ಈ ಮಾತಿನ ಮೇಲೆ ನಿಂತಿದೆ. ಸ್ಕಾಟ್ಲೆಂಡಿನಲ್ಲಿ ಬಳಸುತ್ತಿದ್ದ ಪ್ರತಿಫಲಕದ (ಹೊಳಪಿನ ತಟ್ಟೆಯ) ಬಾಯಿ 21 ಇಂಚು, ನಾಭಿದೂರ, ಅಂದರೆ ತಟ್ಟೆಯ ತಳದಿಂದ ನಾಭಿಗಿರುವ ಅಂತರ, 4 ಇಂಚು. ನಾಭಿಯಲ್ಲಿದ್ದ ಆರ್ಗಾಂಡ್ ಬತ್ತಿಯ ಅಗಲ ಸುಮಾರು 1 ಇಂಚು. ದೀಪ ಒಂದು ಬಿಂದುವಾಗಿದ್ದರೆ ಕಿರಣಗಳು ಸಮಾಂತರವಾಗಿ ಹೊರಡುತ್ತಿದ್ದವು. ಆದರೆ ಅದಕ್ಕೆ ಅಗಲವಿದೆ. ಹಾಗಾಗಿ ಕಿರಣ ಹರಡುತ್ತದೆ, ಎಷ್ಟು ಹರಡುತ್ತದೆ ಎಂದರೆ ದೀಪದ ಅಗಲವನ್ನು ನಾಭಿದೂರದಿಂದ ಭಾಗಿಸಿದಷ್ಟು. ಒಂದನ್ನು ನಾಲ್ಕರಿಂದ ಭಾಗಿಸಿ ಡಿಗ್ರಿಗೆ ತಂದರೆ ಹೆಚ್ಚು ಕಡಿಮೆ 14 ಡಿಗ್ರಿ. ಈಗ ದೀಪವನ್ನು ಇಮ್ಮಡಿ ದೊಡ್ಡದು ಮಾಡಿ. ಎಣ್ಣೆ ಜಾಸ್ತಿ ಉರಿಯುತ್ತದೆ, ಬೆಳಕು ಜಾಸ್ತಿ ಬರುತ್ತದೆ. ಆದರೆ ಬಂದ ಬೆಳಕು ಕಿರಣವನ್ನು ಅಗಲ ಮಾಡುತ್ತದೆಯೇ ಹೊರತು ತೀಕ್ಷ್ಣ ಮಾಡುವುದಿಲ್ಲ. ಕಿರಣದ ತೀಕ್ಷ್ಣತೆಯನ್ನು ನಿರ್ಧರಿಸುವುದು ಎರಡೇ: ದೀಪದ ಮೈಯ ಪ್ರತಿ ಚದರ ಸೆಂಟಿಮೀಟರಿನ ಹೊಳಪು, ಮತ್ತು ಅದರ ಮುಂದಿರುವ ಗಾಜಿನ ಅಥವಾ ತಟ್ಟೆಯ ವಿಸ್ತೀರ್ಣ. ದೀಪದ ಗಾತ್ರ ಅಲ್ಲ. ಎಣ್ಣೆಯ ಜ್ವಾಲೆಗೆ ಮಾತ್ರ ಒಂದು ವಿನಾಯಿತಿ ಉಂಟು. ಅದು ಅರೆಪಾರದರ್ಶಕ, ಹಿಂದಿನ ಜ್ವಾಲೆಯ ಬೆಳಕು ಮುಂದಿನದನ್ನು ದಾಟಿ ಬರುತ್ತದೆ. ಅದಕ್ಕೇ ಒಂದರೊಳಗೊಂದು ನಾಲ್ಕು ಬತ್ತಿ ಇರುವ ದೀಪಗಳು ಬಂದವು. ಫ್ರಾನ್ಸಿನ ವಿಜ್ಞಾನಿಗಳಾದ ಅರಾಗೊ ಮತ್ತು ಫ್ರೆನೆಲ್ ಸೇರಿ ಅವನ್ನು ರೂಪಿಸಿದರು.

ಓಗುಸ್ತ್ಯಾಂ ಫ್ರೆನೆಲ್ ಫ್ರಾನ್ಸಿನ ರಸ್ತೆ ಮತ್ತು ಸೇತುವೆ ಇಲಾಖೆಯ ಎಂಜಿನಿಯರ್. ಹೊಳಪು ಹೆಚ್ಚಿಸುವುದು ಕಷ್ಟವಾದರೆ ವಿಸ್ತೀರ್ಣ ಹೆಚ್ಚಿಸೋಣ ಎನ್ನುವ ದಾರಿ ಅವನದು. ಆದರೆ ಆಳೆತ್ತರದ ಇಡೀ ಗಾಜಿನ ಲೆನ್ಸ್ ಮಾಡಿದರೆ ಅದರ ನಡುಭಾಗದ ದಪ್ಪವೇ ಬೆಳಕನ್ನು ತಿನ್ನುತ್ತದೆ, ತೂಕವನ್ನು ಹೊರುವುದೂ ಅಸಾಧ್ಯ. ಬೆಳಕು ಬಾಗುವುದು ಗಾಜಿನ ಮೇಲ್ಮೈಯ ಓರೆಯಿಂದ, ಒಳಗಿನ ದಪ್ಪದಿಂದಲ್ಲ. ಆದ್ದರಿಂದ ದಪ್ಪವನ್ನು ತೆಗೆದು, ಓರೆಯನ್ನಷ್ಟೇ ಉಂಗುರ ಉಂಗುರವಾಗಿ ಉಳಿಸಿಕೊಂಡ. ನಡುವಿನ ಉಂಗುರಗಳು ಬೆಳಕನ್ನು ಬಾಗಿಸುತ್ತವೆ. ಆದರೆ ದೀಪದಿಂದ ತೀರಾ ಮೇಲಕ್ಕೂ ಕೆಳಕ್ಕೂ ಹೋಗುವ ಬೆಳಕನ್ನು ಬರೀ ಬಾಗಿಸಿ ದಿಗಂತಕ್ಕೆ ತರಲಾಗದು. ಅಲ್ಲಿಗೆ ತ್ರಿಕೋನಾಕಾರದ ಪ್ರಿಸಂಗಳು. ಗಾಜಿನೊಳಗೆ ಬೆಳಕು ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮೈಗೆ ಬಡಿದರೆ ಹೊರಗೆ ಹೋಗದೆ ಪೂರ್ತಿ ಪ್ರತಿಫಲಿಸುತ್ತದೆ. ಬೆಳ್ಳಿ ಬೇಡ, ಉಜ್ಜಿ ಸವೆಯುವ ಭಯವಿಲ್ಲ. ಸಾಮಾನ್ಯವಾಗಿ ಹೇಳುವ ಅಂಕಿ ಹೀಗಿದೆ: ಬರೀ ಜ್ವಾಲೆಯ ಬೆಳಕಿನಲ್ಲಿ ಸಮುದ್ರಕ್ಕೆ ಉಪಯೋಗವಾಗುವುದು ನೂರಕ್ಕೆ 3, ಹಿಂದೆ ತಟ್ಟೆ ಇಟ್ಟರೆ 17, ಫ್ರೆನೆಲ್ ಲೆನ್ಸ್ ಇಟ್ಟರೆ 83.

1823ರ ಜುಲೈಯಲ್ಲಿ ಜಿರೋಂಡ್ ನದಿಯ ಅಳಿವೆಯ ಕೊರ್ದುವಾನ್ ಗೋಪುರದಲ್ಲಿ ಫ್ರೆನೆಲನ ಉಂಗುರದ ಲೆನ್ಸ್ ಬೆಳಗಿತು. ಅಲ್ಲಿಂದ ಲೆನ್ಸ್‌ಗಳಿಗೆ ದರ್ಜೆಗಳು ಬಂದವು. ಮೊದಲ ದರ್ಜೆಯ ನಾಭಿದೂರ 920 ಮಿಲಿಮೀಟರ್, ಎರಡನೆಯದು 700, ಮೂರನೆಯದು 500, ನಾಲ್ಕನೆಯದು 250, ಆರನೆಯದು ಬರೀ 150. ಮೊದಲ ದರ್ಜೆಯ ಲೆನ್ಸಿನೊಳಗೆ ಮನುಷ್ಯ ಆರಾಮವಾಗಿ ನಿಂತು ಕೆಲಸ ಮಾಡಬಹುದು, ಎತ್ತರ ಎರಡೂವರೆ ಮೀಟರ್. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಬ್ರದರ್ಸ್ 1851ರ ಹೊತ್ತಿಗೆ ಈ ಕೆಲಸಕ್ಕೆ ಇಳಿದರು. ನಮ್ಮ ಪಶ್ಚಿಮ ಕರಾವಳಿಗೆ ಬಂದರೆ, ಮುಂಬಯಿ ಹತ್ತಿರದ ಖಾಂದೇರಿ ದ್ವೀಪದ ದೀಪ 1867ರದು, ಕೊಲಾಬಾದ ತುದಿಯ ಪ್ರಾಂಗ್ಸ್ ರೀಫ್ 1875ರದು, ಗೋವಾದ ಅಗ್ವಾದ ಕೋಟೆಯಲ್ಲಿ ಪೋರ್ಚುಗೀಸರು ಕಟ್ಟಿದ್ದು 1864ರದು. ಮೂರೂ ಹುಟ್ಟಿದ್ದು ಎಣ್ಣೆ ದೀಪಗಳ ಕಾಲದಲ್ಲಿ, ಫ್ರೆನೆಲನ ಲೆನ್ಸಿಗೆ ಆಗಲೇ ನಾಲ್ಕು ದಶಕ ದಾಟಿತ್ತು.

ಈ ಲೆನ್ಸ್‌ಗಳ ಚಾಕರಿ ಬೇರೆಯೇ ಶಾಸ್ತ್ರ. ದೀಪ ನೋಡಿಕೊಳ್ಳುವ ಕೀಪರುಗಳು ಒಳಗೆ ಹೋಗುವಾಗ ನಾರಿನ ಬಟ್ಟೆಯ ಏಪ್ರನ್ ಕಟ್ಟಿಕೊಳ್ಳಬೇಕಿತ್ತು, ಅಂಗಿಯ ಗುಂಡಿ ತಾಗಿ ಗಾಜಿಗೆ ಗೀರು ಬೀಳಬಾರದೆಂದು. ಪ್ರಿಸಂಗಳನ್ನು ಹಿತ್ತಾಳೆಯ ಚೌಕಟ್ಟಿಗೆ ಕೂರಿಸುವುದು ಸೀಸದ ಆಕ್ಸೈಡ್ ಕಲಸಿದ ಪುಟ್ಟಿಯಿಂದ. ವರ್ಷಗಳ ಬಿಸಿಲಿಗೆ ಪುಟ್ಟಿ ಒಣಗಿ ಉದುರುತ್ತದೆ, ಪ್ರಿಸಂ ಕೂದಲೆಳೆಯಷ್ಟು ಜಾರುತ್ತದೆ, ಅದರ ಪಾಲಿನ ಬೆಳಕು ದಿಗಂತದ ಬದಲು ಆಕಾಶಕ್ಕೋ ಗೋಪುರದ ಬುಡಕ್ಕೋ ಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಹಗಲಿನಲ್ಲಿ ಲೈಟ್‌ಹೌಸ್ ಹತ್ತಿದವರು ದೀಪದ ಕೋಣೆಗೆ ಪರದೆ ಎಳೆದಿರುವುದನ್ನು ನೋಡಿರಬಹುದು. ಗಾಜಿಗೆ ಧೂಳು ಬೀಳದಿರಲಿ ಎಂದಷ್ಟೇ ಅಲ್ಲ. ದೀಪದ ಬೆಳಕನ್ನು ಹೊರಗೆ ಕಳಿಸುವ ಲೆನ್ಸ್ ಸೂರ್ಯನ ಬಿಸಿಲನ್ನು ಒಳಗೆ, ಸರಿಯಾಗಿ ಬರ್ನರಿನ ಮೇಲೆ ತಂದು ನಿಲ್ಲಿಸುತ್ತದೆ. ಪರದೆ ಮರೆತರೆ ಬೆಂಕಿ ಬೀಳುತ್ತದೆ.

ದೀಪ ಮಿನುಗಬೇಕಾದರೆ ಲೆನ್ಸ್ ತಿರುಗಬೇಕು. ಟನ್ನುಗಟ್ಟಲೆ ತೂಕದ ಗಾಜು ಹಿತ್ತಾಳೆಗಳನ್ನು ಉರುಳೆಗಳ ಮೇಲೆ ತಿರುಗಿಸಿದರೆ ಒಂದು ಸುತ್ತಿಗೆ ನಿಮಿಷಗಟ್ಟಲೆ ಬೇಕು. ಮಿನುಗಿಗೂ ಮಿನುಗಿಗೂ ನಡುವೆ ಒಂದು ನಿಮಿಷ ಕತ್ತಲು. ಉರುಳಾಡುವ ದೋಣಿಯಲ್ಲಿ ನಿಂತವನಿಗೆ ಒಂದು ನಿಮಿಷ ಬಹಳ ದೀರ್ಘ, ಎಲ್ಲಿ ಕಂಡಿತ್ತು ಎನ್ನುವುದೇ ಮರೆತುಹೋಗುತ್ತದೆ. 1890ರ ಸುಮಾರಿಗೆ ಫ್ರಾನ್ಸಿನ ಬೂರ್ದೆಲ್ ಇಡೀ ಲೆನ್ಸನ್ನು ಪಾದರಸದ ಮೇಲೆ ತೇಲಿಸಿದ. ಉಂಗುರದಂಥ ತೊಟ್ಟಿ, ಅದರಲ್ಲಿ ಪಾದರಸ, ಅದರ ಮೇಲೆ ತೇಲುವ ಪೀಠ. ಬೆರಳಲ್ಲಿ ತಳ್ಳಿದರೆ ತಿರುಗುತ್ತದೆ. ಗೋಪುರದ ನಡುವೆ ಇಳಿಬಿಟ್ಟ ಭಾರದ ಗಡಿಯಾರ ಯಂತ್ರವೇ ಸಾಕಾಯಿತು, ಒಂದು ಸುತ್ತಿಗೆ 20–30 ಸೆಕೆಂಡು. ಪಾದರಸದ ಮೇಲೆ ಕೆನೆ ಕಟ್ಟುತ್ತದೆ, ಅದನ್ನು ಮೆತ್ತನೆಯ ಚರ್ಮದಲ್ಲಿ ಸೋಸಬೇಕು, ಸೋಸುವವನ ಮೂಗಿಗೆ ಅದರ ಆವಿ. ಇವತ್ತು ಜಗತ್ತಿನಾದ್ಯಂತ ಪಾದರಸದ ಪೀಠಗಳನ್ನು ತೆಗೆಯುತ್ತಿರುವುದು ಈ ವಿಷದ ಕಾರಣಕ್ಕೆ. ತೆಗೆದು ಬೇರಿಂಗ್ ಹಾಕಿದರೆ ಮತ್ತೆ ಘರ್ಷಣೆಯ ಸಮಸ್ಯೆ ಶುರು.

ಇನ್ನು ಹೊಳಪಿನ ಕಥೆ. ಇಲ್ಲಿ ಕುಳಿತಿರುವವರಲ್ಲಿ ಕರಾವಳಿಯವರು ಬಹಳ ಮಂದಿ. ಯಕ್ಷಗಾನದ ರಂಗಸ್ಥಳಕ್ಕೆ ದೊಂದಿಯ ನಂತರ ಬಂದ ಗ್ಯಾಸ್‌ಲೈಟ್ ನಿಮಗೆ ಗೊತ್ತು. ಪಂಪು ಹೊಡೆದು, ಸ್ಪಿರಿಟ್ ಉರಿಸಿ ಕಾಯಿಸಿ, ಮ್ಯಾಂಟಲ್ ಹೊತ್ತಿಸುವ ಪೆಟ್ರೋಮ್ಯಾಕ್ಸ್. ಲೈಟ್‌ಹೌಸಿನಲ್ಲಿ 1900ರ ಆಸುಪಾಸಿನಿಂದ ಉರಿದದ್ದು ಇದೇ ತತ್ವದ ದೀಪ, ಗಾತ್ರ ಮಾತ್ರ ದೊಡ್ಡದು. ನಮ್ಮ ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ, ಈ ಬದಲಾವಣೆಯ ಹೊಸ್ತಿಲಲ್ಲಿ. ಮ್ಯಾಂಟಲ್ ಆಸ್ಟ್ರಿಯಾದ ಔಎರ್ ಫಾನ್ ವೆಲ್ಸ್‌ಬಾಖ್‌ನದು. ಬಟ್ಟೆಯ ಬಲೆಯನ್ನು ಥೋರಿಯಂ ಮತ್ತು ಸೀರಿಯಂ ಲವಣಗಳಲ್ಲಿ ಅದ್ದಿ ಸುಟ್ಟರೆ ಉಳಿಯುವ ಬೂದಿಯ ಜಾಲ ಅದು. ಹದ ನೂರಕ್ಕೆ 99 ಥೋರಿಯಂ, 1 ಸೀರಿಯಂ. ಈ ಹದ ತಪ್ಪಿದರೆ ಹೊಳಪು ಇಳಿಯುತ್ತದೆ.

ಹಚ್ಚುವ ಕ್ರಮ ಹೀಗೆ. ಟ್ಯಾಂಕಿನಲ್ಲಿ ಸೀಮೆಎಣ್ಣೆ, ಕೈಪಂಪಿನಿಂದ ಗಾಳಿಯ ಒತ್ತಡ. ಆವಿಕೊಳವೆಯನ್ನು ಸ್ಪಿರಿಟ್ ಜ್ವಾಲೆಯಲ್ಲಿ ಹತ್ತು ಹದಿನೈದು ನಿಮಿಷ ಕಾಯಿಸಬೇಕು. ಆಮೇಲೆ ಎಣ್ಣೆ ಬಿಟ್ಟರೆ ಅದು ಕೊಳವೆಯಲ್ಲಿ ಆವಿಯಾಗಿ, ಸಣ್ಣ ತೂತಿನಿಂದ ಚಿಮ್ಮಿ, ಗಾಳಿ ಬೆರೆತು ಮ್ಯಾಂಟಲ್ ಒಳಗೆ ನೀಲಿಯಾಗಿ ಉರಿಯುತ್ತದೆ. ಉರಿ ಹೊತ್ತಿಕೊಂಡ ಮೇಲೆ ಅದರ ಶಾಖವೇ ಮುಂದಿನ ಎಣ್ಣೆಯನ್ನು ಆವಿ ಮಾಡುತ್ತದೆ. ಅವಸರಪಟ್ಟು ಕೊಳವೆ ಕಾಯುವ ಮೊದಲೇ ಎಣ್ಣೆ ಬಿಟ್ಟರೆ ಆವಿಯ ಬದಲು ಹಸಿ ಎಣ್ಣೆ ಚಿಮ್ಮುತ್ತದೆ. ಹಳದಿ ಜ್ವಾಲೆ ಎದ್ದು ಅರೆಗಳಿಗೆಯಲ್ಲಿ ಇಡೀ ಲೆನ್ಸಿಗೆ ಮಸಿ, ಮಾರನೆಯ ದಿನವೆಲ್ಲ ನೂರಾರು ಪ್ರಿಸಂ ಒರೆಸುವ ಕೆಲಸ. ತೂತಿನಲ್ಲಿ ಇಂಗಾಲ ಕಟ್ಟಿದರೆ ಬೆಳಕು ಮೆಲ್ಲಗೆ ಕುಗ್ಗುತ್ತದೆ, ಪಿನ್ ಹೊಡೆಯಬೇಕು. ಪಿನ್ ಹೊಡೆದು ಹೊಡೆದು ತೂತು ಅಗಲವಾದರೆ ಎಣ್ಣೆ ಹೆಚ್ಚಾಗಿ ಮತ್ತೆ ಮಸಿ. ಮ್ಯಾಂಟಲ್ ಅಂತೂ ಮುಟ್ಟಿದರೆ ಪುಡಿ. ಇಷ್ಟೆಲ್ಲ ರಗಳೆ ಇದ್ದರೂ ನಾಲ್ಕು ಬತ್ತಿಯ ದೀಪಕ್ಕಿಂತ ಕಡಿಮೆ ಎಣ್ಣೆಯಲ್ಲಿ ಹಲವು ಪಟ್ಟು ಹೊಳಪು ಸಿಕ್ಕಿತು. ನನ್ನ ಅಭಿಪ್ರಾಯ ಕೇಳಿದರೆ, ಫ್ರೆನೆಲ್ ಲೆನ್ಸಿನ ನಂತರದ ದೊಡ್ಡ ಜಿಗಿತ ಇದೇ, ವಿದ್ಯುತ್ತಲ್ಲ.

ವಿದ್ಯುತ್ ಇದಕ್ಕೂ ಮೊದಲೇ ಬಂದಿತ್ತು ಎನ್ನುವುದು ಹಲವರಿಗೆ ಆಶ್ಚರ್ಯ. 1858ರಲ್ಲೇ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡಿನಲ್ಲಿ ಫ್ಯಾರಡೆಯ ಮೇಲ್ವಿಚಾರಣೆಯಲ್ಲಿ ಆರ್ಕ್ ದೀಪದ ಪ್ರಯೋಗ ನಡೆಯಿತು, 1862ರಲ್ಲಿ ಡಂಜನೆಸ್‌ನಲ್ಲಿ ಅಳವಡಿಸಿದರು. ಎರಡು ಇಂಗಾಲದ ಕಡ್ಡಿಗಳ ನಡುವೆ ಕಿಡಿ. ಹೊಳಪು ಅಗಾಧ. ಆದರೆ ಕಡ್ಡಿ ಉರಿದು ಸವೆಯುತ್ತದೆ, ಅಂತರ ಬದಲಾದರೆ ದೀಪ ಅಲುಗುತ್ತದೆ, ಡೈನಮೊ ತಿರುಗಿಸಲು ಉಗಿ ಎಂಜಿನ್ ಬೇಕು, ಅದನ್ನು ನೋಡಿಕೊಳ್ಳಲು ಎಂಜಿನಿಯರುಗಳು ಬೇಕು. ಇನ್ನೊಂದು ಸೂಕ್ಷ್ಮ ತೊಡಕೂ ಇತ್ತು: ದಪ್ಪ ಜ್ವಾಲೆಗೆಂದು ಮಾಡಿದ ಲೆನ್ಸಿನಲ್ಲಿ ಈ ಪುಟ್ಟ ಕಿಡಿ ಇಟ್ಟರೆ ಕಿರಣ ತೀರಾ ತೆಳ್ಳಗಾಗುತ್ತಿತ್ತು. 1871ರಲ್ಲಿ ಸೌಟರ್ ಲೈಟ್‌ಹೌಸನ್ನು ವಿದ್ಯುತ್ತಿಗೆಂದೇ ಕಟ್ಟಿದಾಗ ಅದಕ್ಕೆ ಲೆನ್ಸನ್ನೂ ಬೇರೆಯಾಗಿಯೇ ರೂಪಿಸಬೇಕಾಯಿತು.

ಕೀಪರ್ ಇರಲಾಗದ ಬಂಡೆಗಳಿಗೆ ಸ್ವೀಡನ್ನಿನ ಗುಸ್ತಾಫ್ ದಲೆನ್ ದಾರಿ ತೋರಿಸಿದ. ಅಸಿಟಿಲೀನ್ ಅನಿಲವನ್ನು ಬರೀ ಒತ್ತಿ ತುಂಬಿದರೆ ಸ್ಫೋಟವಾಗುತ್ತದೆ. ಹಾಗಾಗಿ ಸಿಲಿಂಡರಿನಲ್ಲಿ ರಂಧ್ರಮಯ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಹೀರಿಸಿ, ಅದರಲ್ಲಿ ಅನಿಲವನ್ನು ಕರಗಿಸಿಟ್ಟರು. ಅನಿಲ ನಿರಂತರ ಉರಿಯದೆ, ಸಣ್ಣ ಪೈಲಟ್ ಜ್ವಾಲೆಯ ಮೇಲೆ ಆಗಾಗ ಒಂದು ಚಿಟಿಕೆ ಬಂದು ಮಿನುಗುವಂತೆ ಕವಾಟ ಮಾಡಿದ. ಉಳಿತಾಯ ನೂರಕ್ಕೆ 90ರ ಮೇಲೆ. 1907ರ ಸೂರ್ಯಕವಾಟ ಇನ್ನೂ ಚಂದ. ಹೊಳಪಾಗಿ ಉಜ್ಜಿದ ಮೂರು ಲೋಹದ ಕಡ್ಡಿಗಳ ನಡುವೆ ಒಂದು ಕಪ್ಪು ಕಡ್ಡಿ. ಬೆಳಗಾದರೆ ಕಪ್ಪು ಕಡ್ಡಿ ಬೆಳಕು ಹೀರಿ, ಉಳಿದವಕ್ಕಿಂತ ಹೆಚ್ಚು ಹಿಗ್ಗಿ ಅನಿಲ ನಿಲ್ಲಿಸುತ್ತದೆ, ಕತ್ತಲಾದರೆ ಕುಗ್ಗಿ ಬಿಡುತ್ತದೆ. ಗಾಳಿಯ ಬಿಸಿಗೆ ಎಲ್ಲ ಕಡ್ಡಿಗಳೂ ಸಮನಾಗಿ ಹಿಗ್ಗುವುದರಿಂದ ಸೆಖೆಯ ಊರಿನಲ್ಲೂ ಮೋಸವಿಲ್ಲ, ವ್ಯತ್ಯಾಸ ಬರುವುದು ಬೆಳಕಿನಿಂದ ಮಾತ್ರ. ದಲೆನ್‌ಗೆ 1912ರಲ್ಲಿ ನೊಬೆಲ್ ಬಂತು. ಅದೇ ವರ್ಷ ಅಸಿಟಿಲೀನ್ ಸ್ಫೋಟದಲ್ಲಿ ಅವನ ಕಣ್ಣು ಹೋಯಿತು.

ವಿದ್ಯುತ್ ಬಲ್ಬುಗಳ ಕಾಲವನ್ನು ಬೇಗ ದಾಟುತ್ತೇನೆ. ಸಾವಿರ ವಾಟಿನಿಂದ ಮೂರು ಸಾವಿರ ವಾಟಿನವರೆಗಿನ ತಂತಿ ಬಲ್ಬುಗಳು, ಒಂದು ಸುಟ್ಟರೆ ಇನ್ನೊಂದು ತಾನೇ ನಾಭಿಗೆ ಬಂದು ನಿಲ್ಲುವ ಯಂತ್ರ, ಕರೆಂಟು ಹೋದರೆ ಜನರೇಟರು. ಆಮೇಲೆ ತಂತಿಯ ಬದಲು ಆವಿಯಲ್ಲಿ ಬೆಳಗುವ ಮೆಟಲ್ ಹ್ಯಾಲೈಡ್ ದೀಪ, ಕಡಿಮೆ ವಾಟಿಗೆ ಹೆಚ್ಚು ಬೆಳಕು. ಅದರ ದೋಷ ಎಂದರೆ ಒಂದು ಕ್ಷಣ ಕರೆಂಟು ತಪ್ಪಿದರೂ ಆರುತ್ತದೆ, ಬಿಸಿ ಆರಿದ ಹೊರತು ಮತ್ತೆ ಹೊತ್ತುವುದಿಲ್ಲ. ಅಷ್ಟು ಹೊತ್ತು ಸಮುದ್ರ ಕತ್ತಲು.

ಈಗ ಹಳೆಯ ಲೆನ್ಸಿಗೆ ಹೊಸ ದೀಪ ಹಾಕುವ ವಿಷಯ. ಜನ ಎಡವುವುದು ಇಲ್ಲೇ. ಮೊದಲ ದರ್ಜೆಯ ಲೆನ್ಸ್, ನಾಲ್ಕು ಮುಖ (ಒಂದೊಂದು ಮುಖದಿಂದ ಒಂದೊಂದು ಕಿರಣ), 20 ಸೆಕೆಂಡಿಗೆ ಒಂದು ಸುತ್ತು, ಅಂದರೆ ಸೆಕೆಂಡಿಗೆ 18 ಡಿಗ್ರಿ. ಒಳಗೆ 85 ಮಿಲಿಮೀಟರಿನ ಮ್ಯಾಂಟಲ್ ಇತ್ತು ಎನ್ನೋಣ. 85ನ್ನು 920ರಿಂದ ಭಾಗಿಸಿದರೆ ಕಿರಣದ ಹರವು 5.3 ಡಿಗ್ರಿ. ಅದು ನಿಮ್ಮ ಕಣ್ಣನ್ನು ದಾಟಲು 0.29 ಸೆಕೆಂಡು. ಮ್ಯಾಂಟಲ್ ತೆಗೆದು 10 ಮಿಲಿಮೀಟರಿನ ತಂತಿಯ ಬಲ್ಬು ಇಟ್ಟರೆ ಹರವು 0.62 ಡಿಗ್ರಿ, ಮಿನುಗು 0.035 ಸೆಕೆಂಡು. ಕಣ್ಣಿಗೆ ಬೆಳಕನ್ನು ಗ್ರಹಿಸಲು ಸ್ವಲ್ಪ ಸಮಯ ಬೇಕು. ಬ್ಲೊಂಡೆಲ್ ಮತ್ತು ರೇ 1911ರ ಸುಮಾರಿಗೆ ಕೊಟ್ಟ ಸೂತ್ರದ ಪ್ರಕಾರ, ಮಿನುಗಿನ ಅವಧಿಯನ್ನು ಅದಕ್ಕೆ 0.2 ಸೇರಿಸಿದ ಮೊತ್ತದಿಂದ ಭಾಗಿಸಿದರೆ ನಿಜವಾದ ತೀವ್ರತೆಯಲ್ಲಿ ಕಣ್ಣಿಗೆ ದಕ್ಕುವ ಪಾಲು ಸಿಗುತ್ತದೆ. ಮ್ಯಾಂಟಲ್ಲಿನಲ್ಲಿ ನೂರಕ್ಕೆ 59 ದಕ್ಕುತ್ತಿತ್ತು, ಬಲ್ಬಿನಲ್ಲಿ 15. ಕಾಗದದ ಮೇಲೆ ಕ್ಯಾಂಡೆಲಾ ಏರಿರುತ್ತದೆ, ದೋಣಿಯವನು ಮಾತ್ರ ದೀಪ ಮೊದಲಿನಂತಿಲ್ಲ ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ.

ಎತ್ತರದ ಹೊಂದಾಣಿಕೆಯೂ ಹಾಗೆ. ಬಲ್ಬು ನಾಭಿಯಿಂದ 5 ಮಿಲಿಮೀಟರ್ ಕೆಳಗೆ ಕೂತರೆ ಕಿರಣ 0.31 ಡಿಗ್ರಿ ಮೇಲೇಳುತ್ತದೆ. 15 ಮೈಲಿ ದೂರದಲ್ಲಿ ಅದು 150 ಮೀಟರ್ ಎತ್ತರ. ದಪ್ಪ ಜ್ವಾಲೆಯಲ್ಲಿ ಇಷ್ಟು ತಪ್ಪು ಗೊತ್ತೇ ಆಗುತ್ತಿರಲಿಲ್ಲ, 10 ಮಿಲಿಮೀಟರಿನ ಬಲ್ಬಿನಲ್ಲಿ ಕಿರಣದ ಕೆಳ ಅಂಚು ಮಾತ್ರ ದಿಗಂತಕ್ಕೆ ಉಳಿಯುತ್ತದೆ. ಪರಿಹಾರಗಳು ಉಂಟು. ಲೆನ್ಸನ್ನು ನಿಧಾನ ತಿರುಗಿಸಬಹುದು, ಆದರೆ ಆಗ ಆ ದೀಪದ ಗುರುತೇ ಬದಲಾಗುತ್ತದೆ, ನಕಾಶೆಗಳನ್ನೂ, ನಾವಿಕರಿಗಾಗಿ ದೀಪಗಳ ವಿವರ ಅಚ್ಚಾಗುವ ದೀಪಪಟ್ಟಿಗಳನ್ನೂ ತಿದ್ದಬೇಕು. ಮಬ್ಬುಗಾಜಿನ ಬಲ್ಬು ಹಾಕಬಹುದು, ಹೊಳಪು ಕಳೆದುಕೊಳ್ಳುತ್ತೀರಿ. ಎಲ್‌ಇಡಿಗಳ ಗೊಂಚಲನ್ನು ಹಳೆಯ ಮ್ಯಾಂಟಲ್ಲಿನಷ್ಟೇ ಗಾತ್ರಕ್ಕೆ ಕಟ್ಟಿ ಕೂರಿಸುವುದು ನನಗೆ ಸರಿ ಕಾಣುವ ದಾರಿ.

ಹೆಚ್ಚಿನ ಕಡೆ ಮಾಡುವುದು ಬೇರೆ. ಲೆನ್ಸನ್ನೇ ನಿಲ್ಲಿಸಿ, ಅಥವಾ ತೆಗೆದು, ಹೊರಗಿನ ಕಟಾಂಜನಕ್ಕೆ ಒಂದು ಚಿಕ್ಕ ಎಲ್‌ಇಡಿ ಲಾಂದ್ರ ಬೋಲ್ಟ್ ಮಾಡಿ, ಸೋಲಾರ್ ಫಲಕ ಮತ್ತು ಬ್ಯಾಟರಿ ಜೋಡಿಸುತ್ತಾರೆ. 50,000 ಗಂಟೆ ಬಾಳುವ ದೀಪ ರಾತ್ರಿಗೆ 12 ಗಂಟೆಯಂತೆ 11 ವರ್ಷ ಬರುತ್ತದೆ. ಎಲ್‌ಇಡಿ ತತ್‌ಕ್ಷಣ ಹೊತ್ತಿ ತತ್‌ಕ್ಷಣ ಆರುವುದರಿಂದ ತಿರುಗಿಸುವ ಯಂತ್ರವೇ ಬೇಡ. ಖರ್ಚಿನ ದೃಷ್ಟಿಯಿಂದ ಇದಕ್ಕೆ ಎದುರಾಡುವಂತಿಲ್ಲ. ಆದರೆ ತಿರುಗುವ ಲೆನ್ಸ್ ತನ್ನ ಪ್ರತಿ ಮುಖದ 90 ಡಿಗ್ರಿ ಬೆಳಕನ್ನೂ ಒಂದು ಸಪೂರ ಕಿರಣಕ್ಕೆ ಒಟ್ಟುಗೂಡಿಸುತ್ತಿತ್ತು. ನಿಂತಲ್ಲೇ ಮಿನುಗುವ ಲಾಂದ್ರ ಸುತ್ತಲೂ ಒಮ್ಮೆಲೇ ಹಂಚುತ್ತದೆ. ಆ ಲಾಭ ಹೋದಷ್ಟೂ ದೂರ ಕಡಿಮೆ. ಕೆಲವು ಲೈಟ್‌ಹೌಸ್‌ಗಳಲ್ಲಿ ಅಪಾಯದ ದಿಕ್ಕನ್ನು ತೋರಿಸಲು ಕೆಂಪು ಗಾಜು ಇರುತ್ತದೆ. ಅದರ ಹಿಂದೆ ಬಿಳಿ ಎಲ್‌ಇಡಿ ಇಡಬೇಡಿ, ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಹಳೆಯ ಬಲ್ಬಿನಷ್ಟಿಲ್ಲ. ಅಪಾಯದ ಬಂಡೆಯ ಕಡೆಗಿರುವ ಕೆಂಪು ಭಾಗವೇ ಮಂಕಾಗುತ್ತದೆ, ಅಲ್ಲಿಗೆ ಕೆಂಪು ಎಲ್‌ಇಡಿಯೇ ಬೇಕು. ಇನ್ನು ನಮ್ಮ ಮಳೆಗಾಲ. ಹಳೆಯ ದೀಪಗಳ ಶಾಖ ಕೋಣೆಯ ಗಾಜನ್ನು ಒಣಗಿಸುತ್ತಿತ್ತು. ಎಲ್‌ಇಡಿಗೆ ಆ ಶಾಖವಿಲ್ಲ, ಒಳಗಡೆ ಬೆವರಿದ ಗಾಜು ಬೆವರಿದಂತೆಯೇ ಇರುತ್ತದೆ. ಗಾಳಿಯಾಡುವ ಕಿಂಡಿಗಳನ್ನು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಕೊನೆಯದು ಮುಂಬಯಿಗೇ ಸೇರಿದ್ದು. ಆರಂಭದ ಲೆಕ್ಕ ಹಾಕಿದ್ದು ಕತ್ತಲ ಹಿನ್ನೆಲೆಗೆ. ಸಮುದ್ರದಿಂದ ಈ ಊರನ್ನು ನೋಡಿದರೆ ಎಲ್ಲಿದೆ ಕತ್ತಲು? ಕಟ್ಟಡಗಳು, ಹೋರ್ಡಿಂಗುಗಳು, ರಸ್ತೆ ದೀಪಗಳ ಸಾಲು. ಹಿನ್ನೆಲೆಯಲ್ಲಿ ಬೆಳಕು ಹೆಚ್ಚಿದ್ದಾಗ ದೀಪ ಗುರುತು ಸಿಗಲು ಕಣ್ಣಿಗೆ 100 ಪಟ್ಟು ಹೆಚ್ಚು ಬೆಳಕು ತಲುಪಬೇಕೆಂದು ಅಂತಾರಾಷ್ಟ್ರೀಯ ಲೈಟ್‌ಹೌಸ್ ಮಾರ್ಗಸೂಚಿಗಳು ಹೇಳುತ್ತವೆ. ಹಾಗೆ ಲೆಕ್ಕ ಹಾಕಿದರೆ 20 ಮೈಲಿಯ ಆ 1 ಲಕ್ಷ 10 ಸಾವಿರ ಕ್ಯಾಂಡೆಲಾದ ದೀಪ ಕಾಣುವುದು 10 ಮೈಲಿಗಿಂತಲೂ ಒಳಗೆ. ಇನ್ನಷ್ಟು ಕ್ಯಾಂಡೆಲಾ ತುಂಬಿ ಊರಿನ ದೀಪಗಳನ್ನು ಗೆಲ್ಲಲಾಗದು. ಬಣ್ಣವೂ ಹೆಚ್ಚು ನೆರವಾಗದು, ಸಿಗ್ನಲ್ಲುಗಳೂ ಜಾಹೀರಾತುಗಳೂ ಕೆಂಪು ಹಸಿರನ್ನು ಮೊದಲೇ ಬಳಸಿಕೊಂಡಿವೆ. ಉಳಿಯುವುದು ಲಯ: ಊರಿನ ಬೇರೆ ಯಾವ ದೀಪವೂ ಮಿನುಗದ ಕ್ರಮದಲ್ಲಿ, ಅರ್ಧ ಸೆಕೆಂಡಿಗೆ ಕಡಿಮೆಯಿಲ್ಲದಂತೆ ಮಿನುಗಿಸುವುದು. ಜೊತೆಗೆ ಬಂದರಿನ ಕಾಲುವೆಗೆ ಹಡಗಿಗೆ ದಾರಿ ತೋರುವ ಸಪೂರ ಕಿರಣದ ದೀಪಗಳು. ದೀಪಪಟ್ಟಿಯಲ್ಲಿ ಅಚ್ಚಾಗಿರುವ ಮೈಲಿಯ ಅಂಕಿ ಕತ್ತಲ ತೀರಕ್ಕೆ ಹಾಕಿದ್ದು. ಮೀನುಗಾರರ ಸಸೂನ್ ಡಾಕಿಗೆ ರಾತ್ರಿ ಮರಳುವ ತಾಂಡೇಲ (ದೋಣಿ ನಡೆಸುವವನು) ಅದರಲ್ಲಿ ಅರ್ಧವನ್ನು ಕಳೆದೇ ದೀಪ ಹುಡುಕಲು ಶುರು ಮಾಡಬೇಕು.